ಮಹಿಳೆಯರ ರಾಜಕೀಯ ಪ್ರವೇಶ: ಯುವಜನರ ಮನಸ್ಸನ್ನು ಅರಿಯುವ ಬಗೆ

ಮಹಿಳೆಯರ ರಾಜಕೀಯ ಪ್ರವೇಶದ ಬಗ್ಗೆ ಯುವಜನರು ಏನೆನ್ನುತ್ತಾರೆಂದು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸುವ ವಿದ್ಯಾರ್ಥಿಗಳು ಮೊದಲು ಹಿನ್ನೆಲೆಯನ್ನು ಓದಿಕೊಳ್ಳಬೇಕು. ಕರ್ನಾಟಕದ 1983ರ ಪಂಚಾಯತಿ ಕಾಯ್ದೆಯೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. ಈಗ ಅದು ಶೇ 50. ಆದರೆ ಮಹಿಳಾ ಮೀಸಲಾತಿಯಿಲ್ಲದೆ ನಡೆದ 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಮಹಿಳೆಯರು 10 ಮಂದಿ ಮಾತ್ರ, ಜಿಲ್ಲೆಯ 6 ಕ್ಷೇತ್ರಗಳಲ್ಲಿ ಕೆ.ಜಿ.ಎಫ್.ನ ರೂಪಕಲಾ ಒಬ್ಬರೇ.

‘ಮಹಿಳೆಯರು ರಾಜಕೀಯಕ್ಕೆ ಬರಬೇಕೇ?’ ಎಂದು ನೇರವಾಗಿ ಕೇಳಬೇಡಿ. ಹೌದೆನ್ನುವುದೇ ಸಭ್ಯತೆಯೆಂದು ಬಹುತೇಕರು ಹೌದೆನ್ನುತ್ತಾರೆ. ಅದರ ಬದಲು, ನಿಮ್ಮ ಅಕ್ಕ ನಾಮಪತ್ರ ಸಲ್ಲಿಸುತ್ತೇನೆಂದರೆ ಮನೆಯಲ್ಲಿ ಮೊದಲು ಯಾರು ಏನನ್ನುತ್ತಾರೆ, ಅವರು ಪ್ರಚಾರಕ್ಕೆ ಹೋದ ದಿನ ಹಸುವಿನ ಹಾಲು ಕರೆದು ಡೇರಿಗೆ ಹಾಕುವವರು ಯಾರು, ಊರಿನ ಕೊಳವೆಬಾವಿಯ ಮೋಟಾರು ಕೆಟ್ಟರೆ ನೀವು ಫೋನ್ ಮಾಡುವುದು ಪಂಚಾಯತಿ ಅಧ್ಯಕ್ಷೆಗೋ ಅವರ ಗಂಡನಿಗೋ ಎಂದು ಕೇಳಿ. ನನ್ನ ದೃಷ್ಟಿಯಲ್ಲಿ ಈ ಕೊನೆಯ ಪ್ರಶ್ನೆಯೇ ಅತ್ಯಂತ ಮುಖ್ಯವಾದುದು, ಏಕೆಂದರೆ ಅಲ್ಲಿ ಯುವಕರು ತಮ್ಮ ಅಭಿಪ್ರಾಯವನ್ನಲ್ಲ, ನಡವಳಿಕೆಯನ್ನು ಹೇಳುತ್ತಾರೆ.

ಯುವತಿಯರನ್ನು ಅಣ್ಣಂದಿರ, ಹಿರಿಯರ ಎದುರು ಮಾತನಾಡಿಸಬೇಡಿ. ಪ್ರತ್ಯೇಕವಾಗಿ, ಸಾಧ್ಯವಾದರೆ ವಿದ್ಯಾರ್ಥಿನಿಯರೇ ಮಾತನಾಡಿಸಲಿ. ಚಹಾ ಅಂಗಡಿಯಲ್ಲಿ ಸಿಕ್ಕವರಷ್ಟಕ್ಕೇ ನಿಲ್ಲದೆ, ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗುವವರನ್ನೂ ಸೇರಿಸಿಕೊಳ್ಳಿ. ಮುಳಬಾಗಿಲಿನ ಕಡೆ ಮನೆಮಾತು ತೆಲುಗಾದವರು ತೆಲುಗಿನಲ್ಲೇ ಉತ್ತರಿಸಲಿ. ಹೆಸರು ಬರೆದುಕೊಳ್ಳಬೇಡಿ. ಆಡಿದ ಮಾತನ್ನು ತಿದ್ದದೆ ದಾಖಲಿಸಿ, ಮತ್ತು 40 ಜನರ ಉತ್ತರವನ್ನು ಇಡೀ ಜಿಲ್ಲೆಯ ಶೇಕಡಾವಾರು ಅಭಿಪ್ರಾಯವೆಂದು ವರದಿಯಲ್ಲಿ ಎಂದಿಗೂ ಬರೆಯಬೇಡಿ.