ಒಂದು ಎಳೆ ತಪ್ಪಿದ ಆನೆಹೆಜ್ಜೆ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕಡೆ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆ. 86 ಮಕ್ಕಳು, ಅರ್ಧಕ್ಕರ್ಧ ನೇಕಾರರ ಮನೆಯವರು. ಚಿತ್ರಕಲಾ ಶಿಕ್ಷಕರೆಲ್ಲ ಹೈಸ್ಕೂಲಿನಲ್ಲಿ. ಇಲ್ಲಿ ಗಣಿತ ಹೇಳುವ ನಾನೇ ಚಿತ್ರವನ್ನೂ ಹೇಳಬೇಕು. ಡಿ.ಎಡ್.ನಲ್ಲಿ ಕಲಾ ಶಿಕ್ಷಣದ ರೆಕಾರ್ಡ್ ಬರೆದಿದ್ದೆ, ಬಣ್ಣ ಕಲಸಿದವಳಲ್ಲ.

ಹಿಂದೆ ನಾನಿದ್ದ ಶಾಲೆಯಲ್ಲಿ ಕಲೆಯ ಹೆಸರಿನ ದುಡ್ಡು ಪೇಂಟರ್ ಕೈಗೆ ಹೋಯಿತು. ಗೋಡೆ ತುಂಬ ನವಿಲು, ಹುಲಿ; ಮಕ್ಕಳು ಮುಟ್ಟಿದರೆ ಬೈಗುಳ. ಅದು ಇನ್ನೂ ಚುಚ್ಚುತ್ತದೆ.

ಇಲ್ಲಿ ಮೊದಲು ಅನುದಾನದ ಲೆಕ್ಕ ಹಾಕಿದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಹತ್ತರಲ್ಲೊಂದು ಪಾಲು ಸ್ವಚ್ಛತೆಗೆ ಇಡಲೇಬೇಕು. ಕರೆಂಟು, ರಿಪೇರಿ, ರಿಜಿಸ್ಟರ್ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಆದರೆ ಬೋಧನೋಪಕರಣಕ್ಕೆ ಅವಕಾಶವಿದೆ. ಅದೇ ಹೆಸರಿನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ 3,000 ರೂಪಾಯಿಗೆ ಠರಾವು ಬರೆಸಿದೆ. ಗ್ರಾಫ್ ಹಾಳೆ, ಪುಡಿ ಬಣ್ಣ, ಅಂಟು, ಕುಂಚ ಬಂದವು. ಕೆಮ್ಮಣ್ಣು ಊರಿನದೇ.

ಸಾಮಾನು ಬಂತು, ಕೈಗೆ ವಿದ್ಯೆ ಬರಬೇಕಲ್ಲ! ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಐದು ಶನಿವಾರ ಮಧ್ಯಾಹ್ನ ಕೂತೆ. ಅಂಟು ಹೆಚ್ಚಾದರೆ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಪುಡಿಯಾಗಿ ಕೈಗೆ ಹತ್ತುತ್ತದೆ. ಕೆಡಿಸಿ ಕೆಡಿಸಿಯೇ ಕಲಿತೆ. ತರಬೇತಿಯ ದುಡ್ಡು ಇಂಥ ಶನಿವಾರಗಳಿಗೆ ಬರಲಿ: ಮೇಷ್ಟ್ರಿಗೆ ಗೌರವಧನ, ನಮಗೆ ಬಸ್ ಚಾರ್ಜು, ಕೆಡಿಸಲು ಬೇಕಾದಷ್ಟು ಬಣ್ಣ. ಸಭಾಂಗಣದಲ್ಲಿ ನೂರು ಜನರನ್ನು ಕೂರಿಸಿ ಸ್ಲೈಡ್ ತೋರಿಸಿದರೆ ಕೈ ಪಳಗುವುದಿಲ್ಲ.

ಐದನೇ ತರಗತಿಗೆ, ನಮ್ಮ ಕಡೆ ನೇಯುವ ರವಿಕೆ ಬಟ್ಟೆಯಾದ ಖಣದ ಆನೆಹೆಜ್ಜೆ ವಿನ್ಯಾಸವನ್ನು ಗ್ರಾಫಿನಲ್ಲಿ ಅರ್ಧ ಬಿಡಿಸಿ ಕೊಟ್ಟೆ. ಉಳಿದರ್ಧ ಅವರು ತುಂಬಬೇಕು. ಸಮಮಿತಿಯ ಪಾಠವೂ ಆಗುತ್ತದೆ. ಓದು ಅಂದರೆ ತಲೆ ತಗ್ಗಿಸುವ ಹುಡುಗಿಯೊಬ್ಬಳು ಎದ್ದು ಬಂದಳು.

"ಟೀಚರ್, ನಿಮ್ಮದ್ರಾಗ ಒಂದ್ ಎಳಿ ತಪ್ಪೈತ್ರಿ."

ಗ್ರಾಫಿನ ಮನೆಮನೆಗೆ ಬೆರಳಿಟ್ಟು ಎಣಿಸಿದಳು. ಏಳಿರಬೇಕಾದಲ್ಲಿ ಆರಿತ್ತು. ಬೋರ್ಡಿನ ಮೇಲೆ ಅವಳ ಕೈಯಿಂದಲೇ ತಿದ್ದಿಸಿದೆ. ಅವತ್ತು ಇಡೀ ತರಗತಿ ಅವಳ ಸುತ್ತ ನಿಂತಿತ್ತು.

ಮರುದಿನ ಅವಳಪ್ಪ ಮಗ್ಗ ನಿಲ್ಲಿಸಿ ಬಂದರು. ಕೈಯಲ್ಲಿ ಸೂರ್ಯನಾರಾಯಣ ವಿನ್ಯಾಸದ ಖಣದ ತುಂಡು. "ಇದನ್ನೂ ಬರಸ್ರಿ" ಅಂದು, ಗಂಟೆಹೊತ್ತು ನಿಂತು ಎಳೆ ಎಣಿಸುವುದನ್ನು ಹೇಳಿಕೊಟ್ಟು ಹೋದರು.

ಈ ಸಲದ ಎಸ್‌ಡಿಎಂಸಿ ಸಭೆಗೆ ಖರ್ಚಿನ ಪಟ್ಟಿಯಲ್ಲಿ ಗ್ರಾಫ್ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದಿಟ್ಟಿದ್ದೇನೆ: ನೇಕಾರರಿಗೆ ಒಂದು ದಿನದ ಕೂಲಿ.