ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಂಡಿರಾ? ಆರ್‌ಸಿ ಹೆಸರಿಗೆ ಮಾಡಿಸಿಕೊಳ್ಳುವುದು ಹೀಗೆ

ಮೆಕ್ಕೆಜೋಳದ ದುಡ್ಡು ಕೈಗೆ ಬಂತೆಂದರೆ ನಮ್ಮ ದಾವಣಗೆರೆ ಕಡೆ ಹಳೇ ಟ್ರ್ಯಾಕ್ಟರ್ ವ್ಯಾಪಾರ ಶುರು. ಇಂಜಿನ್ ಶಬ್ದ ಕೇಳುತ್ತಾರೆ, ಟೈರ್ ನೋಡುತ್ತಾರೆ, ಹೈಡ್ರಾಲಿಕ್ ಎತ್ತಿ ಇಳಿಸುತ್ತಾರೆ. ಆಮೇಲೆ ಟೀ ಅಂಗಡಿಯಲ್ಲಿ ಕೂತು ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡು, ಗಾಡಿ ನಮ್ದಾಯ್ತು ಅಂತ ಊರಿಗೆ ಓಡಿಸಿಕೊಂಡು ಹೋಗುತ್ತಾರೆ. ಬಾಂಡ್ ಪೇಪರ್ ನೀವು ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ. ಆರ್‌ಟಿಒ ಲೆಕ್ಕದಲ್ಲಿ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೆಸರಿದ್ದವರೇ ಮಾಲೀಕರು.

ಅಡ್ವಾನ್ಸ್ ಕೊಡುವ ಮೊದಲೇ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಆರ್‌ಸಿ ಯಾವಾಗಿನವರೆಗೆ ಚಾಲ್ತಿ, ಇನ್ಶೂರೆನ್ಸ್ ಇದೆಯಾ, ಸಾಲದ ಮೇಲಿದೆಯಾ, ಎಲ್ಲ ಗೊತ್ತಾಗುತ್ತದೆ. ಕೃಷಿ ಟ್ರ್ಯಾಕ್ಟರ್ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ರಿನೀವಲ್ ಆಗಿರಬೇಕು. ಆ್ಯಪ್ ಮಾತ್ರ ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಒತ್ತಿ ಖಾತೆಯ ದುಡ್ಡೇ ಕಳೆದುಕೊಂಡವರಿದ್ದಾರೆ.

ಆಮೇಲೆ ಚಾಸಿ ನಂಬರ್. ಒಂದೊಂದು ಕಂಪನಿಯದು ಒಂದೊಂದು ಕಡೆ ಇರುತ್ತದೆ. ಹಳೇ ಬಟ್ಟೆಯನ್ನು ಡೀಸೆಲ್‌ನಲ್ಲಿ ಅದ್ದಿ ಒರೆಸಿ, ಗ್ರೀಸು ಮಣ್ಣು ಹೋದ ಮೇಲೆ ಒಂದೊಂದೇ ಅಕ್ಷರ ಬೆರಳಿಟ್ಟು ಆರ್‌ಸಿ ಜೊತೆ ತಾಳೆ ನೋಡಿ. ಅಂಕಿಯ ಸುತ್ತ ಗ್ರೈಂಡರ್ ಆಡಿಸಿದ ಗೀರು ಕಂಡರೆ, ಅಥವಾ ಅಷ್ಟು ಜಾಗಕ್ಕೆ ಮಾತ್ರ ಹೊಸ ಪೇಂಟ್ ಬಿದ್ದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ. ಸರಿ ಇದ್ದರೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ, ಅರ್ಜಿಗೆ ಬೇಕು.

ಜನ ಎಡವುವುದು ಎಚ್‌ಪಿಯಲ್ಲಿ, ಅಂದರೆ ಹೈಪಾಥಿಕೇಶನ್‌ನಲ್ಲಿ. ಸಾಲ ತೆಗೆದು ಕೊಂಡ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬಿದ್ದಿರುತ್ತದೆ. ಅದಿರುವವರೆಗೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಗಾಡಿ ನಿಮ್ಮ ಹೆಸರಿಗೆ ಆಗುವುದಿಲ್ಲ. ‘ಸಾಲ ಎಲ್ಲಾ ತೀರಿಸಿದೀನಿ ಬಿಡಣ್ಣ’ ಅಂತ ಮಾರುವವರು ಪಾಸ್‌ಬುಕ್ ತೋರಿಸುತ್ತಾರೆ. ತೀರಿಸಿರಬಹುದು, ಸುಳ್ಳಲ್ಲ. ಆದರೆ ಸಾಲ ತೀರಿದ ಮಾತ್ರಕ್ಕೆ ಆರ್‌ಸಿಯಿಂದ ಎಚ್‌ಪಿ ತಾನಾಗಿ ಹೋಗುವುದಿಲ್ಲ. ಪಹಣಿಯ ಋಣ ಕಾಲಂ ಖಾಲಿ ಇದೆ ಅನ್ನುವುದೂ ಲೆಕ್ಕಕ್ಕಿಲ್ಲ, ಅದೇ ಬೇರೆ, ಇದೇ ಬೇರೆ. ಬ್ಯಾಂಕಿನಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು, ಜೊತೆಗೆ ಎಚ್‌ಪಿ ತೆಗೆಸುವ ಫಾರಂ 35 ಬೇಕು. ಅದರ ಮೇಲೆ ಆರ್‌ಸಿ ಮಾಲೀಕರು ಮತ್ತು ಬ್ಯಾಂಕಿನವರು ಇಬ್ಬರೂ ಸಹಿ ಹಾಕಬೇಕು, ಬ್ಯಾಂಕಿನ ಸೀಲೂ ಬೀಳಬೇಕು.

ಇಲ್ಲಿ ಇನ್ನೊಂದು ಗಂಟು. ಹಳೇ ಆರ್‌ಸಿಯಲ್ಲಿರುವ ಬ್ಯಾಂಕ್ ಈಗ ಇರುವುದೇ ಇಲ್ಲ! ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾ ಆಯಿತು, ನಮ್ಮ ಭಾಗದ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿತು. ಎನ್‌ಒಸಿ ಕೊಡಬೇಕಾದವರು ಈಗಿನ ಬ್ಯಾಂಕಿನವರು. ಪತ್ರದಲ್ಲಿ ಹಳೇ ಬ್ಯಾಂಕಿನ ಹೆಸರು, ಸಾಲದ ಖಾತೆ ನಂಬರ್, ಗಾಡಿ ನಂಬರ್, ಚಾಸಿ ನಂಬರ್ ಎಲ್ಲ ಬರೆಸಿ. ಬರೀ ‘ಸಾಲ ಬಾಕಿ ಇಲ್ಲ’ ಅಂತ ಒಂದು ಸಾಲು ಬರೆಸಿಕೊಂಡು ಬಂದರೆ ಕೌಂಟರಿನಿಂದ ವಾಪಸ್ ಬರುವುದೇ ಜಾಸ್ತಿ. ಈ ಓಡಾಟ ಮಾರುವವರ ಕೆಲಸ, ನೀವು ಹೊತ್ತುಕೊಳ್ಳಬೇಡಿ. ಎಚ್‌ಪಿ ತೆಗೆಸಿ ಆರ್‌ಸಿ ಕೈಗೆ ಕೊಡುವವರೆಗೆ ದೊಡ್ಡ ಮೊತ್ತ ಹಿಡಿದಿಟ್ಟುಕೊಳ್ಳಿ. ಮುಖ ದಾಕ್ಷಿಣ್ಯ ಬೇಡ.

ಅದು ಮುಗಿದರೆ ಉಳಿದದ್ದು ಸುಲಭ. ಗಾಡಿ ಮಾರಿದ್ದನ್ನು ತಿಳಿಸುವ ಫಾರಂ 29 ಮಾರಿದವರದ್ದು, ಹೆಸರು ಬದಲಿಸುವ ಅರ್ಜಿಯಾದ ಫಾರಂ 30ಕ್ಕೆ ಇಬ್ಬರ ಸಹಿಯೂ ಬೇಕು. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಆರ್‌ಸಿ, ಇನ್ಶೂರೆನ್ಸ್, ವಿಳಾಸದ ದಾಖಲೆ ಜೊತೆ ಆರ್‌ಟಿಒಗೆ ಕೊಡಿ. ಒಟಿಪಿ ಮಾರುವವರ ಮೊಬೈಲಿಗೂ ಹೋಗುತ್ತದೆ, ಆ ಸಿಮ್ ಇನ್ನೂ ಇದೆಯಾ ಅಂತ ಮೊದಲೇ ಕೇಳಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಚಿತ್ರದುರ್ಗದ ಕೆಎ 16 ಗಾಡಿಯನ್ನು ಇಲ್ಲಿಗೆ ತಂದರೂ ನಂಬರ್ ಬದಲಾಗುವುದಿಲ್ಲ. ಚಳ್ಳಕೆರೆ ಆಚೆ ಗಡಿ ದಾಟಿ ಆಂಧ್ರದ ಗಾಡಿ ತಂದರೆ ಮಾತ್ರ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಹೊಸ ನಂಬರ್ ಆಗಬೇಕು. ನನ್ನ ಕೇಳಿದರೆ ಅಂಥ ಗಾಡಿ ಬೇಡವೇ ಬೇಡ.

ಆರ್‌ಸಿ ಮಾಲೀಕರು ತೀರಿಹೋಗಿ ಮಗ ಮಾರುತ್ತಿದ್ದರೆ, ಫಾರಂ 31 ಹಾಕಿ ಮೊದಲು ಅವನ ಹೆಸರಿಗೆ ಆಗಲಿ, ಆಮೇಲೆ ನಿಮ್ಮ ಹೆಸರಿಗೆ. ಅಪ್ಪನ ಸಹಿ ಇರುವ ಖಾಲಿ ಫಾರಂ ಇದೆ, ಅದರಲ್ಲೇ ಮಾಡಿಸೋಣ ಅಂತ ಬ್ರೋಕರ್ ಹೇಳಿದರೆ ಎದ್ದು ಬನ್ನಿ. ಖಾಲಿ ಫಾರಂ ಕೈಯಿಂದ ಕೈಗೆ ಹೋಗಿ ಗಾಡಿ ನಾಲ್ಕು ಊರು ಸುತ್ತಿರುತ್ತದೆ, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ. ಮಾರುವವರು ‘ಆಮೇಲೆ ಮಾಡ್ಕೊಳ್ಳಿ’ ಅಂತ ತಪ್ಪಿಸಿಕೊಂಡರೆ ಇದನ್ನು ಹೇಳಿ: ಹೀಗೆ ಕೈ ಬದಲಾದ ಗಾಡಿಯ ಅಪಘಾತದಲ್ಲಿ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೇಳಿದ ಕೂಡಲೇ ಸಹಿ ಹಾಕಲು ಅವರೇ ಬರುತ್ತಾರೆ.

ಇನ್ಶೂರೆನ್ಸ್ ಕಂಪನಿಗೂ 14 ದಿನದೊಳಗೆ ಅರ್ಜಿ ಕೊಡಿ. ಥರ್ಡ್ ಪಾರ್ಟಿ ಭಾಗ ತಾನಾಗಿ ನಿಮಗೆ ಬರುತ್ತದೆ, ನಿಮ್ಮದೇ ಗಾಡಿಗೆ ಆಗುವ ಹಾನಿಯ ಭಾಗ ಬರುವುದಿಲ್ಲ. ಟ್ರೇಲರ್‌ಗೆ ಬೇರೆ ನಂಬರ್, ಬೇರೆ ಆರ್‌ಸಿ ಇರುತ್ತದೆ. ಇಂಜಿನ್ ಆರ್‌ಸಿ ಒಂದೇ ಬದಲಿಸಿಕೊಂಡು ಟ್ರೇಲರ್ ಮರೆತವರು ಊರಿಗೆ ಹತ್ತು ಜನ ಸಿಗುತ್ತಾರೆ. ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿಬಿಡಿ.