ಶ್ರೀರಂಗಪಟ್ಟಣದ ಬಂದೀಖಾನೆ ನೋಡುವ ಕ್ರಮ

ರಂಗನಾಥನ ದರ್ಶನ ಮುಗಿಸಿದವರು ಪ್ರಸಾದದ ಪೊಟ್ಟಣ ಕೈಲಿ ಹಿಡಿದೇ ಬಂದೀಖಾನೆಗೆ ಇಳಿಯುತ್ತಾರೆ. ನಡುವೆ ಬಿದ್ದಿರುವ ಫಿರಂಗಿಯ ಪಕ್ಕ ಒಂದು ಫೋಟೊ, ಕಲ್ಲಿನ ತೂತಿಗೆ ಕೈ ತೂರಿಸಿ ಇನ್ನೊಂದು ಫೋಟೊ. ಐದು ನಿಮಿಷಕ್ಕೆ ಆಟೊದವನು 'ಮುಂದಿನ ಪಾಯಿಂಟ್ ನೋಡೋಣ್ವಾ ಸಾರ್' ಅನ್ನುತ್ತಾನೆ. ಹೀಗೆ ನೋಡಿದರೆ ಅದು ಸುಣ್ಣ ಬಳಿದ ಖಾಲಿ ನೆಲಮಾಳಿಗೆ, ಅಷ್ಟೆ. ಅದು ಅರ್ಥವಾಗಬೇಕಾದರೆ ನೋಡುವ ವರಸೆ ಬದಲಿಸಬೇಕು. ಮೊದಲು ಸೆರೆ ಸಿಕ್ಕ ಯುದ್ಧದ ಚಿತ್ರ, ಆಮೇಲೆ ಸೆರೆಮನೆ, ಆಮೇಲೆ ಬಿಡುಗಡೆಯಾದವನು ಸೈನ್ಯ ಕಟ್ಟಿಕೊಂಡು ತಿರುಗಿ ಬಂದ ಜಾಗ, ಕೊನೆಗೆ ಸಮಾಧಿಗಳು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಸಂಜೆ ಐದರೊಳಗೆ ಮುಗಿಯುತ್ತದೆ.

ಹೊರಡುವ ಮೊದಲು ಇಷ್ಟು ತಲೆಯಲ್ಲಿರಲಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ಮುರಿದರು. ಬೈಲಿ ಸೆರೆ ಸಿಕ್ಕ. ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಕೂಡ ಸಿಕ್ಕಿಬಿದ್ದ. 1782ರ ಫೆಬ್ರವರಿಯಲ್ಲಿ ಟಿಪ್ಪು ಕಾವೇರಿಯ ಕೆಳದಂಡೆ ಸೀಮೆಯಲ್ಲಿ ಕರ್ನಲ್ ಬ್ರೇತ್‌ವೇಟ್‌ನನ್ನು ಸೋಲಿಸಿದಾಗ, 1783ರಲ್ಲಿ ಬಿದನೂರು ಮತ್ತೆ ಕೈವಶವಾದಾಗ ಸೆರೆಯಾಳುಗಳ ಸಂಖ್ಯೆ ಇನ್ನೂ ಬೆಳೆಯಿತು. ಬೈಲಿ 1782ರ ನವೆಂಬರ್‌ನಲ್ಲಿ ಪಟ್ಟಣದಲ್ಲೇ ತೀರಿಕೊಂಡ. ಉಳಿದವರಿಗೆ 1784ರ ಮಾರ್ಚ್‌ನ ಮಂಗಳೂರು ಒಪ್ಪಂದದ ನಂತರವಷ್ಟೇ ಬಿಡುಗಡೆ. ಬೇರ್ಡ್ ಒಳಗಿದ್ದದ್ದು ಮೂರೂವರೆ ವರ್ಷಕ್ಕೂ ಹೆಚ್ಚು. ದಿನವಿಡೀ ಎದುರಾಗುವ ಹೆಸರು ಅವನದೇ.

ತಲುಪುವುದು

ಮೈಸೂರಿನಿಂದ ಸುಮಾರು 15 ಕಿಲೋಮೀಟರ್. ನಗರ ಬಸ್ ನಿಲ್ದಾಣದಿಂದಲೂ ಗ್ರಾಮಾಂತರ ನಿಲ್ದಾಣದಿಂದಲೂ ಬಸ್ಸುಗಳಿವೆ. ಬೆಂಗಳೂರಿಗೆ ಹೋಗುವ ಬಸ್ ಹತ್ತುವವರು 'ಪಟ್ಟಣದೊಳಗೆ ಹೋಗುತ್ತಾ, ಬೈಪಾಸಾ' ಎಂದು ಕಂಡಕ್ಟರನ್ನು ಕೇಳಿಯೇ ಹತ್ತಬೇಕು. ಹೊಸ ಹೆದ್ದಾರಿ ಊರನ್ನು ಬಿಟ್ಟು ಹೊರಗಿನಿಂದ ಹೋಗುತ್ತದೆ. ತಡೆರಹಿತ ಬಸ್ ಹತ್ತಿದರೆ ಮಂಡ್ಯ ದಾಟಿದ ಮೇಲೇ ಗೊತ್ತಾಗುವುದು. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಬೈಕಿನವರು ಸರ್ವಿಸ್ ರಸ್ತೆ, ಹಳೇ ರಸ್ತೆ ಹಿಡಿಯಬೇಕು. ರೈಲು ಇನ್ನೂ ಸಲೀಸು. ಪ್ಯಾಸೆಂಜರ್, ಮೆಮು ಗಾಡಿಗಳು ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತವೆ, ನಿಲ್ದಾಣ ಕೋಟೆಯೊಳಗೇ ಇದೆ. ಈ ಹಳಿಯನ್ನು ಜೋಡಿಮಾರ್ಗ ಮಾಡುವಾಗ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ದಾರಿಯಲ್ಲಿ ಸಿಕ್ಕರೆ ನೋಡಿ, ಹುಡುಕಿಕೊಂಡು ಹೋಗುವಂಥದ್ದೇನಲ್ಲ.

ಊರೊಳಗೆ ಸುತ್ತಲು ಆಟೊ ಬೇಕು. ಟಿಪ್ಪುವಿನ ಬೇಸಗೆ ಅರಮನೆ ದರಿಯಾ ದೌಲತ್ ಮತ್ತು ಅವನ ಸಮಾಧಿಯಿರುವ ಗುಂಬಜ್ ಕೋಟೆಯ ಹೊರಗೆ ಪೂರ್ವ ದಿಕ್ಕಿಗಿವೆ. ಆಟೊದವರು 'ಎಂಟು ಪಾಯಿಂಟ್‌ಗೆ ಇಷ್ಟು' ಎಂದು ಒಟ್ಟು ದರ ಹೇಳುತ್ತಾರೆ. ಆ ಲೆಕ್ಕಕ್ಕೆ ಒಪ್ಪಿದರೆ ಪ್ರತಿ ಜಾಗದಲ್ಲೂ ಹತ್ತು ನಿಮಿಷಕ್ಕೆ ಹಾರ್ನ್ ಕೇಳಿಸುತ್ತದೆ. ಪಾಯಿಂಟಿನ ಲೆಕ್ಕ ಬೇಡ, ಅರ್ಧ ದಿನದ ಲೆಕ್ಕ ಮಾತಾಡಿ. ಕಾಯುವ ಸಮಯವೂ ಅದರಲ್ಲೇ ಸೇರಿದೆ ಎಂದು ಹತ್ತುವ ಮೊದಲೇ ಇತ್ಯರ್ಥವಾಗಲಿ. ಬೈಲಿಯ ಸ್ಮಾರಕ ಮತ್ತು ಬ್ರಿಟಿಷ್ ಕಾವಲುಪಡೆಯವರ ಗ್ಯಾರಿಸನ್ ಸ್ಮಶಾನ ಸಾಮಾನ್ಯವಾಗಿ ಅವರ ಪಟ್ಟಿಯಲ್ಲಿ ಇರುವುದಿಲ್ಲ. ಹೆಸರು ಹಿಡಿದು ಹೇಳಿ ಸೇರಿಸಿಕೊಳ್ಳಿ.

ರಥಸಪ್ತಮಿ, ಸಂಕ್ರಾಂತಿಯ ಲಕ್ಷದೀಪೋತ್ಸವ, ಪಿತೃಪಕ್ಷದ ಮಹಾಲಯ ಅಮಾವಾಸ್ಯೆ, ಡಿಸೆಂಬರಿನ ಹನುಮ ಜಯಂತಿ ಮೆರವಣಿಗೆ: ಈ ದಿನಗಳಲ್ಲಿ ಕೋಟೆಯೊಳಗೆ ವಾಹನ ಬಿಡುವುದು ಅನುಮಾನ. ಜುಲೈ, ಆಗಸ್ಟಿನಲ್ಲಿ ಕೆಆರ್‌ಎಸ್ ತುಂಬಿ ನೀರು ಬಿಟ್ಟರೆ ಹೊಳೆದಂಡೆಗೆ ಇಳಿಯಲು ಬಿಡುವುದಿಲ್ಲ. ಅಣೆಕಟ್ಟೆಯ ಮಟ್ಟ ತುಂಬುಮಟ್ಟವಾದ 124.80 ಅಡಿಗೆ ಹತ್ತಿರವಾಗಿದೆ ಎಂದು ಪೇಪರಿನಲ್ಲಿ ಬಂದರೆ ಆ ವಾರ ಬಿಟ್ಟು ಮುಂದಿನ ವಾರ ಹೊರಡಿ.

ಮೊದಲು ಚಿತ್ರ

ದರಿಯಾ ದೌಲತ್ ಒಂಬತ್ತಕ್ಕೆ ತೆರೆಯುತ್ತದೆ. ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಗೇಟಿನಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತೆಗೆದುಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಬರತೊಡಗಿದ ಮೇಲೆ ಜಗಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಂತೂ ಕೇಳುವುದೇ ಬೇಡ.

ಒಳಗಿನ ವಸ್ತುಸಂಗ್ರಹ ಆಮೇಲೆ ನೋಡಿದರಾಯಿತು. ನೇರವಾಗಿ ಪಶ್ಚಿಮದ ಗೋಡೆಯ ಮುಂದೆ ಹೋಗಿ ನಿಲ್ಲಿ. ಒಂದು ಕಡೆ ಹೈದರ್, ಟಿಪ್ಪು ಸೈನ್ಯದೊಂದಿಗೆ ಹೊರಟ ಮೆರವಣಿಗೆ, ಇನ್ನೊಂದು ಕಡೆ ಪೊಲ್ಲಿಲೂರು. ಚಿತ್ರದಲ್ಲಿ ಹುಡುಕಬೇಕಾದ್ದು ಮೂರು. ಸುತ್ತುವರಿದ ಕುದುರೆಪಡೆಯ ನಡುವೆ ಚೌಕಾಕಾರವಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳು. ಅವರ ಮಧ್ಯೆ ಹೊತ್ತಿಕೊಂಡು ಸಿಡಿಯುತ್ತಿರುವ ಮದ್ದಿನ ಬಂಡಿ. ಬೈಲಿಯ ಪಡೆಯ ಸೋಲಿನಲ್ಲಿ ಈ ಬಂಡಿಯ ಪಾಲು ದೊಡ್ಡದು. ಮೂರನೆಯದು ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಬೈಲಿ. ಅವನನ್ನು ಗುರುತಿಸಿಟ್ಟುಕೊಳ್ಳಿ, ದಿನದ ಕೊನೆಗೆ ಮತ್ತೆ ಬೇಕಾಗುತ್ತದೆ. ಮುಖಗಳನ್ನು ಮಾತ್ರ ಭಾವಚಿತ್ರವೆಂದು ನಂಬಬೇಡಿ. 1799ರಲ್ಲಿ ಬ್ರಿಟಿಷರು ಕೋಟೆ ಗೆದ್ದ ಮೇಲೆ ಇಲ್ಲಿ ಉಳಿದುಕೊಂಡಿದ್ದ ಅವರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಕಾಲದಲ್ಲಿ ಒಮ್ಮೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಇನ್ನೊಮ್ಮೆ ಇವುಗಳ ಮೇಲೆ ಬಣ್ಣ ಬಿದ್ದಿದೆ. ಕಟ್ಟಡದೊಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಕಾವಲಿನವರೊಂದಿಗೆ ವಾದಕ್ಕೆ ಇಳಿದರೆ ನಿಮ್ಮ ಸಮಯವೇ ಹಾಳು.

ಬಂದೀಖಾನೆ

ಕೋಟೆಯ ಉತ್ತರದ ಗೋಡೆಯ ಒತ್ತಿನಲ್ಲಿ, ರಂಗನಾಥನ ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಟಿಕೆಟ್ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕರ್ನಲ್ ಬೈಲಿಯದೇ ಹೆಸರು, ಮ್ಯಾಪಿನಲ್ಲಿ ಹುಡುಕುವಾಗ ಬೈಲಿ, ಬೇಲಿ ಎರಡೂ ಕಾಗುಣಿತ ಹಾಕಿ ನೋಡಿ. ಊರವರಿಗೆ 'ಬಂದೀಖಾನೆ' ಎಂದರೆ ಸಾಕು. ರಸ್ತೆಯಿಂದ ಕಟ್ಟಡ ಕಾಣುವುದಿಲ್ಲ. ಕೋಟೆಯ ಕೊತ್ತಲದ ಕೆಳಗೆ ಹುದುಗಿದೆ, ಮೆಟ್ಟಿಲಿಳಿದು ಹೋಗಬೇಕು. ಹೊರಗಿನ ಬಿಸಿಲಿನಿಂದ ಇಳಿದ ತಕ್ಷಣ ಏನೂ ಕಾಣುವುದಿಲ್ಲ. ಒಂದು ನಿಮಿಷ ಬಾಗಿಲಲ್ಲೇ ನಿಂತು ಕಣ್ಣು ಹೊಂದಿಕೊಂಡ ಮೇಲೆ ಹೆಜ್ಜೆ ಇಡಿ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ.

ಒಳಗಿನ ಅಳತೆ 30.5 ಮೀಟರ್ ಉದ್ದ, 12.2 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ನೂರಕ್ಕೆ ನಲವತ್ತು ಅಡಿ, ಮೂರು 30-40 ಸೈಟು ಸೇರಿಸಿ ಅದರ ಮೇಲೆ ಇನ್ನೊಂದರ ಮೂರನೇ ಒಂದು ಭಾಗ. ಇಟ್ಟಿಗೆ, ಗಾರೆಯ ಕಮಾನು ಚಾವಣಿ. ಮೊದಲ ನೋಟಕ್ಕೆ ದೊಡ್ಡದೇ ಅನ್ನಿಸುತ್ತದೆ. ಗೋಡೆಯ ಕಲ್ಲಿನ ಹತ್ತಿರ ಹೋದ ಮೇಲೆ ಲೆಕ್ಕ ಬದಲಾಗುತ್ತದೆ. ಗೋಡೆಗೆ ಹುಗಿದ ಚಪ್ಪಡಿಗಳಲ್ಲಿ ಕೈಗೆ ಸರಪಳಿ ಬಿಗಿಯಲು ತೂತು ಕೊರೆದಿದ್ದಾರೆ. ಒಂದು ಚಪ್ಪಡಿಯ ಮುಂದೆ ಗೋಡೆಗೆ ಬೆನ್ನು ಕೊಟ್ಟು, ತೂತುಗಳ ಎತ್ತರಕ್ಕೆ ಎರಡೂ ಕೈ ಚಾಚಿ ಎರಡು ನಿಮಿಷ ನಿಂತು ನೋಡಿ. ಭುಜ ನೋಯತೊಡಗಿದಾಗ ಸರಪಳಿಯ ಉದ್ದ ಎಷ್ಟಿದ್ದಿರಬಹುದು, ಕೂರಲು ಆಗುತ್ತಿತ್ತೇ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ತೂತಿನೊಳಗೆ ಬೆರಳು ಸಿಕ್ಕಿಸಿ ಆಡುವುದು, ಮಕ್ಕಳನ್ನು ಫಿರಂಗಿ ಹತ್ತಿಸುವುದು ಬೇಡ. ಸಂರಕ್ಷಿತ ಸ್ಮಾರಕ ಅನ್ನುವುದು ಒಂದು ಕಾರಣ. ಕಬ್ಬಿಣಕ್ಕೆ ಚೂಪು ಅಂಚಿದೆ ಅನ್ನುವುದು ಇನ್ನೊಂದು.

ಆ ಫಿರಂಗಿ ಸೆರೆಮನೆಯದಲ್ಲ. ಮೇಲಿನ ಸುಲ್ತಾನ್ ಬ್ಯಾಟರಿ ಎಂಬ ಫಿರಂಗಿ ಕಟ್ಟೆಯಲ್ಲಿದ್ದದ್ದು, 1799ರ ಮುತ್ತಿಗೆಯಲ್ಲಿ ಚಾವಣಿ ಒಡೆದುಕೊಂಡು ಕೆಳಗೆ ಬಿತ್ತು ಎಂದು ಹೇಳುತ್ತಾರೆ. ತಲೆಯೆತ್ತಿ ಚಾವಣಿ ನೋಡಿ, ಆಮೇಲೆ ಹೊರಗೆ ಬಂದು ಮೇಲೆ ಹತ್ತಿ ಅದೇ ಜಾಗದ ನೇರ ಎಲ್ಲಿ ಬರುತ್ತದೆ ಎಂದು ಅಳೆಯಿರಿ. ಕೊತ್ತಲದ ಮೇಲಿಂದ ಕಾವೇರಿಯ ಉತ್ತರದ ಕವಲು ಕಾಣುತ್ತದೆ. ಕೈಪಿಡಿ ಗೋಡೆ ಎಲ್ಲ ಕಡೆ ಇಲ್ಲ, ಸೆಲ್ಫಿಗೆ ಹಿಂದೆ ಹಿಂದೆ ಸರಿಯಬೇಡಿ.

ಗೈಡುಗಳು ತಪ್ಪದೆ ಹೇಳುವ ಮಾತು: 'ಹೊಳೆ ನೀರು ಬಿಟ್ಟು ಕುತ್ತಿಗೆವರೆಗೂ ಮುಳುಗಿಸ್ತಿದ್ರು.' ಕೇಳಲು ರೋಮಾಂಚನವೇ. ಆದರೆ ಬಿಡುಗಡೆಯಾದ ಅಧಿಕಾರಿಗಳು ಬರೆದಿಟ್ಟ ದಿನಚರಿಗಳಲ್ಲಿ ಬರುವ ಚಿತ್ರ ಬೇರೆ. ಮಣ್ಣುಗೋಡೆಯ ಅಂಗಳ, ಸುತ್ತ ಮಾಡು ಇಳಿಸಿದ ಕೊಟ್ಟಿಗೆಯಂಥ ಸಾಲು, ಕಾಲಿಗೆ ಬೇಡಿ, ಬೇದಿ, ಜ್ವರ. ಅಂದರೆ ಸೆರೆಯಾಳುಗಳೆಲ್ಲ ಈ ಒಂದೇ ನೆಲಮಾಳಿಗೆಯಲ್ಲಿ ಇರಲಿಲ್ಲ. ಫಲಕದಲ್ಲಿ ಬೇರ್ಡ್, ಬ್ರೇತ್‌ವೇಟ್, ಫ್ರೇಸರ್, ಲಿಂಡ್ಸೆ ಮೊದಲಾದ ಹೆಸರುಗಳಿವೆ. ಎಲ್ಲರೂ ಅಧಿಕಾರಿಗಳೇ. ಅವರೊಂದಿಗೆ ಸಿಕ್ಕಿಬಿದ್ದ ಕಂಪನಿಯ ದೇಶೀ ಸಿಪಾಯಿಗಳು, ಟಿಪ್ಪುವಿನ ಕಾಲದಲ್ಲಿ ಕೊಡಗಿನಿಂದ ಹಿಡಿದು ತಂದ ಕೊಡವರು, 1784ರಲ್ಲಿ ಕರಾವಳಿಯಿಂದ ನಡೆಸಿಕೊಂಡು ತಂದ ಕ್ರೈಸ್ತರು ಈ ಫಲಕದಲ್ಲಿಲ್ಲ. ಸಂಖ್ಯೆಯಲ್ಲಿ ಅವರೇ ಹೆಚ್ಚು. ಮಕ್ಕಳನ್ನು ಕರೆತಂದ ಮೇಷ್ಟರು ಈ ಒಂದು ಮಾತನ್ನಾದರೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಕೋಟೆಯಲ್ಲಿ ಇಂಥದ್ದೇ ಇನ್ನೊಂದು ನೆಲಮಾಳಿಗೆಯಿದೆ, ಇನ್‌ಮನ್ ಬಂದೀಖಾನೆ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ಪತ್ತೆಹಚ್ಚಿದ ಎಂಜಿನಿಯರನ ಹೆಸರು ಅದಕ್ಕೆ. ಅಳತೆಯಲ್ಲಿ ಚಿಕ್ಕದು. ಗಿಡಗಂಟಿ ಬೆಳೆದಿದ್ದರೆ ಹಾವಿನ ಭಯವಿರುತ್ತದೆ, ಹೊರಗಿನಿಂದ ನೋಡಿ ಬನ್ನಿ.

ಬಂದೀಖಾನೆಗೆ ಮುಕ್ಕಾಲು ಗಂಟೆಯಾದರೂ ಕೊಡಿ. ಒಳಗೆ ಫೋಟೊ ತೆಗೆಯುವಾಗ ಬಾಗಿಲಿನ ಬೆಳಕಿಗೆ ಎದುರಾಗಿ ಹಿಡಿದರೆ ಎಲ್ಲರ ಮುಖ ಕಪ್ಪು. ಬಾಗಿಲಿಗೆ ಬೆನ್ನು ಹಾಕಿ ಒಳಗೋಡೆಯ ಕಡೆಗೆ ತೆಗೆಯಿರಿ.

ಕಲ್ಲು ಮತ್ತು ಕಂಬ

ಅಲ್ಲಿಂದ ಸ್ವಲ್ಪ ದೂರದಲ್ಲೇ, ರಸ್ತೆಬದಿಯ ಆವರಣದಲ್ಲಿ, ಟಿಪ್ಪುವಿನ ದೇಹ ಸಿಕ್ಕ ಜಾಗಕ್ಕೆ ಹಾಕಿದ ಕಲ್ಲಿದೆ. ಐದು ನಿಮಿಷ ಸಾಕು.

ನಿಲ್ಲಬೇಕಾದ್ದು ಮುಂದಿನ ಜಾಗದಲ್ಲಿ. ಕೋಟೆಯ ವಾಯವ್ಯ ಮೂಲೆಯಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಕಂಬ. ಮುತ್ತಿಗೆಯಲ್ಲಿ ಬಿದ್ದ ಅಧಿಕಾರಿಗಳ ಹೆಸರು, ಪಡೆಗಳ ಹೆಸರು ಕೆತ್ತಿದ್ದಾರೆ. ನೆರಳಿಲ್ಲ, ಟೋಪಿ ಬೇಕು. ಕಂಬಕ್ಕೆ ಬೆನ್ನು ಮಾಡಿ ಹೊಳೆಯನ್ನು ನೋಡಿ. ಕೋಟೆಗೋಡೆ ಒಡೆದದ್ದು ಈ ಮಗ್ಗುಲಲ್ಲಿ. 1799ರ ಮೇ 4ರ ಮಧ್ಯಾಹ್ನ ಒಂದರ ಹೊತ್ತಿಗೆ ಬ್ರಿಟಿಷ್ ಸೈನ್ಯ ಹೊಳೆಗಿಳಿಯಿತು. ಮುಂದೆ ನಿಂತು ನಡೆಸಿದವನು ಅದೇ ಬೇರ್ಡ್, ಹದಿನೈದು ವರ್ಷ ಹಿಂದೆ ಇದೇ ಊರಿನ ಸೆರೆಯಿಂದ ಹೊರಬಂದವನು. ಮೇ ತಿಂಗಳನ್ನೇ ಆರಿಸಿದ್ದು ಯಾಕೆಂದು ಕಲ್ಲು ಬಂಡೆಗಳ ಈ ಪಾತ್ರ ಕಂಡರೆ ತಿಳಿಯುತ್ತದೆ. ಬೇಸಗೆಯ ಕೊನೆಗೆ ದಾಟುವಷ್ಟು ನೀರು, ಇನ್ನೊಂದು ತಿಂಗಳು ಹೋದರೆ ಮುಂಗಾರಿನ ಹೊಳೆ. ಇಂದು ನೀರಿನ ಮಟ್ಟ ಕೆಆರ್‌ಎಸ್‌ನ ಗೇಟಿಗೆ ಬಿಟ್ಟದ್ದು. ಆದ್ದರಿಂದ ನೀವು ಮೇ ತಿಂಗಳಲ್ಲೇ ಬಂದರೂ ಅಂದಿನ ಮಟ್ಟ ಕಾಣುತ್ತದೆಂದಲ್ಲ. ದಾಟಿ ನೋಡುವ ಉಮೇದು ಬೇಡ. ಇಲ್ಲಿ ಬಂಡೆಯ ಸಂದಿಯ ಸುಳಿಗೆ ಸಿಕ್ಕಿ ಸಾಯುವವರ ಸುದ್ದಿ ತಪ್ಪುವುದೇ ಇಲ್ಲ.

ಇಷ್ಟೆಲ್ಲ ಮಾಡಿ ಗೆದ್ದ ಊರಿನ ಆಡಳಿತ ಬೇರ್ಡ್‌ಗೆ ಸಿಗಲಿಲ್ಲ, ವೆಲ್ಲೆಸ್ಲಿಯ ಪಾಲಾಯಿತು. ಆ ಅಸಮಾಧಾನ ಅವನಿಗೆ ಕೊನೆಯತನಕ ಇತ್ತು.

ಮಧ್ಯಾಹ್ನದ ಊಟಕ್ಕೆ ಬಸ್ ನಿಲ್ದಾಣದ ಸುತ್ತ ಹೋಟೆಲುಗಳಿವೆ. ಗುಡಿಗೆ ಹೋಗಬೇಕೆನ್ನುವವರು ಊಟಕ್ಕೆ ಮೊದಲೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಸ್ಮಶಾನ

ಗ್ಯಾರಿಸನ್ ಸ್ಮಶಾನ ಹಳೇ ಬೆಂಗಳೂರು–ಮೈಸೂರು ರಸ್ತೆಯಿಂದ ಒಂದಿಷ್ಟು ಒಳಗೆ, ಕಾವೇರಿಯ ದಡದಲ್ಲಿದೆ. ಮುನ್ನೂರಕ್ಕೂ ಹೆಚ್ಚು ಗೋರಿಗಳು. ಮುತ್ತಿಗೆಯಲ್ಲಿ ಸತ್ತವರದೇ ಎಲ್ಲ ಅಂದುಕೊಂಡು ಬರುವವರು ತಾರೀಖು ಓದಿದರೆ ಬೆಪ್ಪಾಗುತ್ತಾರೆ. ಹೆಚ್ಚಿನವು 1799ರ ನಂತರದವು, ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಬರುತ್ತವೆ. ಗೆದ್ದ ಮೇಲೆ ಇಲ್ಲಿ ಉಳಿದ ಪಡೆಯನ್ನು ತಿಂದದ್ದು ಜ್ವರ. ಆ ಕಾರಣಕ್ಕೇ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿದರು, ದಂಡುಪ್ರದೇಶ ಹುಟ್ಟಿದ್ದು ಹಾಗೆ. ಗೋರಿಗಳ ಉದ್ದ ಗಮನಿಸಿ, ಮೂರಡಿಯವು ಎಷ್ಟಿವೆ ಎಂದು ಎಣಿಸಿ.

ಡಿ ಮ್ಯೂರಾನ್ ಪಡೆಯ ಹೆಸರಿನ ಗೋರಿಗಳನ್ನು ಹುಡುಕಿ. ಅದು ಸ್ವಿಸ್ ಬಾಡಿಗೆ ಪಡೆ. 1781ರಲ್ಲಿ ಡಚ್ ಕಂಪನಿಗೆಂದು ಕಟ್ಟಿದ್ದು, 1795ರಲ್ಲಿ ಶ್ರೀಲಂಕಾದಲ್ಲಿ ಬ್ರಿಟಿಷರ ಕಡೆಗೆ ಬಂತು, ನಾಲ್ಕು ವರ್ಷಕ್ಕೆ ಇಲ್ಲಿ ಬಂದು ಕಾದಿತು. ಪಾಳುಬಿದ್ದಿದ್ದ ಸ್ಮಶಾನವನ್ನು ದುರಸ್ತಿ ಮಾಡಿಸುವುದರಲ್ಲಿ ಪಡೆ ಕಟ್ಟಿದ ಡಿ ಮ್ಯೂರಾನ್ ಕುಟುಂಬದ ಇಂದಿನ ತಲೆಮಾರಿನವರ ಕೈಯಿದೆ.

ಬರಹ ಮಾಸಿದ್ದರೆ ಸೀಮೆಸುಣ್ಣ, ವಿಭೂತಿ ಬಳಿದು ಓದಬೇಡಿ. ಗಾರೆ ಅದನ್ನು ಹೀರಿಕೊಂಡು ಪದರ ಬಿಡುತ್ತದೆ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ, ಬೆಳಕು ಓರೆಯಾಗಿ ಹಾಯುವಂತೆ ಹಿಡಿದರೆ ಅಕ್ಷರದ ನೆರಳು ಎದ್ದು ಕಾಣುತ್ತದೆ. ನಾಲ್ಕರ ಬಿಸಿಲೂ ಇದೇ ಕೆಲಸ ಮಾಡುತ್ತದೆ. ಗೋರಿಯ ಮೇಲೆ ಕೂರುವುದು, ಬ್ಯಾಗಿಡುವುದು ಬೇಡ.

ಕೊನೆಗೆ ಗಂಜಾಂ

ಗಂಜಾಂನ ಗುಂಬಜ್‌ನಲ್ಲಿ ಹೈದರ್, ಅವನ ಹೆಂಡತಿ ಫಕ್ರುನ್ನಿಸಾ, ಮಗ ಟಿಪ್ಪು ಮೂವರ ಸಮಾಧಿಗಳಿವೆ. ಹೊರಗಿನ ಕರಿಕಲ್ಲಿನ ಕಂಬಗಳು 36. ಚಪ್ಪಲಿ ಹೊರಗೇ ಬಿಡಬೇಕು, ಬೇಸಗೆಯಲ್ಲಿ ಕಲ್ಲು ಸುಡುತ್ತದೆ, ಕಾಲುಚೀಲ ಜೇಬಿನಲ್ಲಿರಲಿ. ತಲೆ ಮುಚ್ಚಿಕೊಳ್ಳಲು ವಸ್ತ್ರ ಇದ್ದರೆ ಒಳ್ಳೆಯದು.

ಜನ ಇಲ್ಲಿಗೇ ತಿರುಗಿಬಿಡುತ್ತಾರೆ. ಗುಂಬಜ್ ತೋಟದ ಹೊರಮಗ್ಗುಲಿನಲ್ಲಿ ಬೈಲಿಯ ಸ್ಮಾರಕವಿದೆ. 1816ರಲ್ಲಿ, ಅವನು ಸತ್ತು 34 ವರ್ಷದ ಮೇಲೆ, ಲಕ್ನೋದಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದ ಅವನ ಸೋದರನ ಮಗ ಕಟ್ಟಿಸಿದ್ದು. ಬೆಳಿಗ್ಗೆ ಗೋಡೆಯಲ್ಲಿ ಪಲ್ಲಕ್ಕಿಯ ಮೇಲೆ ಬೆರಳು ಕಚ್ಚಿಕೊಂಡು ಕೂತಿದ್ದವನು ಇವನೇ. ಅವನನ್ನು ಸೋಲಿಸಿದವರ ಸಮಾಧಿಯ ನೆತ್ತಿ ಇಲ್ಲಿಂದ ಮರಗಳ ಮೇಲೆ ಕಾಣುತ್ತದೆ. ಸಂಜೆ ಗಂಜಾಂನಿಂದ ಖಾಲಿ ಆಟೊ ಸಿಗುವುದು ಕಷ್ಟ, ಬಂದ ಆಟೊವನ್ನು ಬಿಟ್ಟುಕೊಡಬೇಡಿ.